ಐಸಿಯುವಿನಲ್ಲಿ ಮನೆಯವರಿಗೂ ಕೆಲಸ ಕೊಡಿ

ಮಂಗಳೂರಿನ ಐಸಿಯುಗಳ ಹೊರಗೆ ಕಾಸರಗೋಡಿನಿಂದಲೋ ಮಡಿಕೇರಿಯಿಂದಲೋ ಬಂದ ಕುಟುಂಬಗಳು ದಿನಗಟ್ಟಲೆ ಕುಳಿತಿರುತ್ತವೆ. ಔಷಧದ ಚೀಟಿ, ಬಿಲ್ಲು, ಒಪ್ಪಿಗೆ ಪತ್ರಗಳಿಗಷ್ಟೇ ಅವರನ್ನು ಕರೆಯುವುದು ವಾಡಿಕೆ. ಭೇಟಿಯ ಸಮಯ ಹೆಚ್ಚಿಸಬೇಕೆಂಬ ಬೇಡಿಕೆ ನ್ಯಾಯವಾದದ್ದೇ, ಆದರೆ ಅಷ್ಟರಿಂದಲೇ ಸಾಲದು ಎಂಬುದು ತೀವ್ರ ನಿಗಾ ವಿಭಾಗದ ವೈದ್ಯನಾಗಿ ನನ್ನ ಅಭಿಪ್ರಾಯ. ಬ್ರೆಜಿಲ್‌ನ 36 ಐಸಿಯುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 12 ಗಂಟೆಗಳವರೆಗೆ ಮನೆಯವರನ್ನು ಒಳಗೆ ಬಿಟ್ಟಾಗ ಸೋಂಕು ಹೆಚ್ಚಲಿಲ್ಲ, ಅವರ ಆತಂಕ ಮತ್ತು ಖಿನ್ನತೆ ತಗ್ಗಿದವು. ರೋಗಿಗಳ ಡೆಲಿರಿಯಂ ಮಾತ್ರ ಗಣನೀಯವಾಗಿ ಇಳಿಯಲಿಲ್ಲ.

ಸೋಂಕು, ನಿದ್ದೆಗೇಡು, ಮಂಪರಿನ ಔಷಧ ಮೊದಲಾದ ಕಾರಣಗಳಿಂದ ರೋಗಿಯ ಗಮನ ಮತ್ತು ಎಚ್ಚರ ಏರುಪೇರಾಗುವುದೇ ಡೆಲಿರಿಯಂ. ನಳಿಕೆ ಕಿತ್ತುಕೊಳ್ಳಲು ಹೊರಟವರಲ್ಲಿ ಅದು ಎದ್ದು ಕಾಣುತ್ತದೆ; ಸುಮ್ಮನೆ ಮಲಗಿರುವವರಲ್ಲಿ ಕಣ್ತಪ್ಪಿಹೋಗುತ್ತದೆ. ಅದನ್ನು ಪತ್ತೆಹಚ್ಚಲು ಬಳಸುವ ಪರೀಕ್ಷೆಯೊಂದರಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಓದುತ್ತಾ, 'ಎ' ಕೇಳಿದಾಗಲೆಲ್ಲ ಕೈ ಒತ್ತುವಂತೆ ರೋಗಿಗೆ ಹೇಳಲಾಗುತ್ತದೆ. ಹುಟ್ಟಿದಂದಿನಿಂದ ತುಳುವನ್ನಷ್ಟೇ ಆಡಿದ ಬೆಳ್ತಂಗಡಿಯ ಅಜ್ಜಿಯೊಬ್ಬರು ಕೈ ಒತ್ತದಿದ್ದರೆ, ಅದು ಡೆಲಿರಿಯಂನಿಂದಲೋ ಹೇಳಿದ್ದೇ ಅರ್ಥವಾಗದೆಯೋ ಎಂದು ನಿರ್ಧರಿಸುವುದು ಹೇಗೆ? ಪಕ್ಕದಲ್ಲಿ ಮಗಳಿದ್ದರೆ ಈ ಗೊಂದಲ ಬೇಗ ಬಗೆಹರಿಯುತ್ತದೆ. 'ಅಮ್ಮ ಹೀಗೆ ಇರುವವರಲ್ಲ ಡಾಕ್ಟ್ರೇ' ಎಂಬ ಅವರ ಮಾತು ನಮ್ಮ ಪರೀಕ್ಷೆಗಿಂತ ಮೊದಲೇ ಎಚ್ಚರಿಸುವುದೂ ಉಂಟು.

ಆದ್ದರಿಂದ ಒಳಗೆ ಬಂದವರನ್ನು ಕೈಕಟ್ಟಿ ನಿಲ್ಲಿಸಬಾರದು. ಕನ್ನಡಕ, ಶ್ರವಣ ಸಾಧನ ಹಾಕಿಸುವುದು, ಇವತ್ತು ಯಾವ ವಾರ, ತಾವಿರುವುದು ಎಲ್ಲಿ ಎಂದು ಮನೆಮಾತಿನಲ್ಲಿ ತಿಳಿಸುವುದು, ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟಂತೆ ಬೆರಳು, ಪಾದಗಳನ್ನು ಆಡಿಸುವುದು ಇವೆಲ್ಲ ಅವರಿಂದ ಆಗುವ ಕೆಲಸಗಳೇ. ದುಬೈಯಲ್ಲಿರುವ ಮಗ ಫೋನಿನಲ್ಲಿ ಮಾತಾಡಿದರೂ ಆದೀತು, ರೋಗಿ ಮಲಗುವ ಹೊತ್ತಿನಲ್ಲಿ ಬೇಡ. ದೇವಸ್ಥಾನದ ಗಂಧವನ್ನು ಹಣೆಗೆ ಹಚ್ಚಲು ನನ್ನ ಅಡ್ಡಿಯಿಲ್ಲ. ತೀರ್ಥವನ್ನೋ ಗಂಜಿತೆಳಿಯನ್ನೋ ಕದ್ದು ಬಾಯಿಗೆ ಬಿಡುವುದಕ್ಕೆ ಖಂಡಿತ ಇದೆ. ವೆಂಟಿಲೇಟರ್ ನಳಿಕೆ ತೆಗೆದ ಬಳಿಕ ಹಲವರಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ, ಆಗ ಕುಡಿಸಿದ್ದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಒಳಬರುವಾಗಲೂ ಹೊರಹೋಗುವಾಗಲೂ ಕೈ ಶುಚಿಗೊಳಿಸಬೇಕು, ಶೀತ ಜ್ವರ ಇದ್ದವರು ಹೊರಗೇ ಇರಬೇಕು.

ಇದನ್ನೆಲ್ಲ ಕಲಿಸುವ ಹೊರೆ ನರ್ಸುಗಳ ಮೇಲೆ ಬೀಳುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಹಾಗಾಗಿ ಮೊದಲ ದಿನವೇ ಕುಟುಂಬದವರಿಂದ ಒಂದಿಬ್ಬರನ್ನು ಗೊತ್ತುಮಾಡಿಸಿ, ಅವರಿಗಷ್ಟೇ ಕಲಿಸಿ, ವೈದ್ಯರು ಕೊಡುವ ಮಾಹಿತಿಯೂ ಅವರಿಂದಲೇ ಉಳಿದ ಬಂಧುಗಳಿಗೆ ತಲುಪುವಂತೆ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.