ಅಡ್ರೆಸ್ಸಲ್ಲಿ ಪಿಆರ್ ಅಂತಿದ್ರೆ ಪಾರ್ಮಾ ಸಿಟಿ ಅಂತ ಅಲ್ಲ

ಜುಲೈ ಆಗಸ್ಟ್ ಬಂತು ಅಂದ್ರೆ ನನ್ ವಾಟ್ಸಾಪ್‌ಗೆ ಇಟಲಿಯ ಪಾರ್ಮಾ ಯೂನಿವರ್ಸಿಟಿಗೆ ಓದೋಕೆ ಹೊರಟೋರಿಂದ ಬರೋದು ಒಂದೇ ಮೆಸೇಜು, 'ಮೇಡಂ ಪಾರ್ಮಾದಲ್ಲಿ ರೂಮ್ ಸಿಕ್ತು, ಅರ್ಧಕ್ಕರ್ಧ ಕಮ್ಮಿ ಬಾಡಿಗೆ, ಅಡ್ವಾನ್ಸ್ ಹಾಕ್ಬಿಟ್ವಿ'. ಹಾಕೋಕೆ ಮುಂಚೆ ಮಾತ್ರ ಯಾರೂ ಕೇಳಲ್ಲ. ಅಡ್ರೆಸ್ ಕಳ್ಸಿ ಅಂದ್ರೆ ಬರುತ್ತೆ, ಬೆದೋನಿಯಾ, ಪಕ್ಕದಲ್ಲಿ ಬ್ರಾಕೆಟ್ಟಲ್ಲಿ ಪಿಆರ್. ಬೆದೋನಿಯಾ ಇರೋದು ಬೆಟ್ಟದ ಮೇಲೆ, ರೈಲ್ವೆ ಸ್ಟೇಷನ್ನೂ ಇಲ್ಲ, ದಿನಾ ಕ್ಲಾಸಿಗೆ ಹೋಗಿ ಬರೋ ಮಾತೇ ಇಲ್ಲ.

ಪಿಆರ್ ಅಂದ್ರೆ ಪಾರ್ಮಾ ಪ್ರಾವಿನ್ಸು. ತುಮಕೂರು ಜಿಲ್ಲೆ ಅಂದ ತಕ್ಷಣ ತುಮಕೂರು ಪೇಟೆ ಆಗೋಯ್ತಾ, ಪಾವಗಡನೂ ತುಮಕೂರು ಜಿಲ್ಲೆನೇ ಅಲ್ವಾ? ಅಷ್ಟೇ ವಿಷ್ಯ. ಇದನ್ನ ನಾನು ಫೋನಲ್ಲಿ, ಮೇಲ್‌ನಲ್ಲಿ, ವಾಯ್ಸ್ ನೋಟಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಇನ್ನೊಂದ್ಸಲ ಹೇಳ್ತೀನಿ. ಪಾರ್ಮಾ ಪ್ರಾವಿನ್ಸ್ ಸುಮಾರು 3,450 ಚದರ ಕಿಲೋಮೀಟರ್, ಅದ್ರಲ್ಲಿ 44 ಕೊಮೂನೆ ಇದಾವೆ, ಕೊಮೂನೆ ಅಂದ್ರೆ ನಮ್ ಪುರಸಭೆ ಪಂಚಾಯ್ತಿ ಥರ. ಜನ ಎಲ್ಲಾ ಸೇರಿ ನಾಲ್ಕೂವರೆ ಲಕ್ಷ, ಅದ್ರಲ್ಲಿ ಹೆಚ್ಚುಕಮ್ಮಿ ಎರಡು ಲಕ್ಷ ಸಿಟಿಯಲ್ಲೇ. ಉಳಿದವ್ರು 43 ಕೊಮೂನೆಗಳಲ್ಲಿ ಚೆದುರಿದಾರೆ, ಮೊಂಕಿಯೋ ದೆಲ್ಲೆ ಕೊರ್ತಿ ಅಂತ ಬೆಟ್ಟದ ಮೇಲೊಂದಿದೆ, ಸಾವಿರ ಜನನೂ ಇಲ್ಲ. ಅಲ್ಲಿನ ಹುಡುಗ್ರು ಕೆಲಸಕ್ಕೆ ಅಂತ ಕೆಳಗಿಳಿದು ಬಂದಿರ್ತಾರೆ, ಮನೆಗಳು ಖಾಲಿ, ಅದಕ್ಕೇ ಬಾಡಿಗೆ ಅಗ್ಗ.

ಉತ್ತರಕ್ಕೆ ಪೋ ನದಿ, ಅದೇ ಗಡಿ. ದಕ್ಷಿಣಕ್ಕೆ ಅಪೆನೈನ್ ಬೆಟ್ಟ, 1,800 ಮೀಟರ್ ದಾಟುತ್ತೆ. ಮಧ್ಯದಲ್ಲಿ ರೋಮನ್ನರ ಕಾಲದ ಎಮಿಲಿಯಾ ರಸ್ತೆ ಗೆರೆ ಎಳೆದ ಹಾಗೆ ಹೋಗಿದೆ, ಅದ್ರ ಜೊತೆಗೇ ಮೇನ್ ರೈಲ್ವೆ ಲೈನು. ರೂಮ್ ಹುಡುಕೋವಾಗ ನೋಡ್ಬೇಕಾದ್ದು ಆ ಲೈನನ್ನ. ಫಿದೆಂಝಾನೂ ಪಿಆರೇ, ಆದ್ರೆ ಲೈನ್ ಮೇಲಿದೆ, ಸಿಟಿ ಸಿಗದಿದ್ರೆ ಅಲ್ಲಿ ನೋಡಿ ಅಂತ ನಾನೇ ಹೇಳ್ತೀನಿ.

ದಾವಣಗೆರೆ ಹುಡುಗ ಒಬ್ಬ ಬೊರ್ಗೋ ವಾಲ್ ದಿ ತಾರೊದಲ್ಲಿ ರೂಮ್ ಹಿಡಿದಿದ್ದ. ಅಲ್ಲಿ ಸ್ಟೇಷನ್ ಇದೆ ಅಕ್ಕಾ ಅಂತ ನನಗೇ ಪಾಠ ಹೇಳಿದ. ಇದೆ ಕಣಪ್ಪಾ, ರೈಲಲ್ಲಿ ಒಂದು ಗಂಟೆ ಹತ್ರ, ಇಳಿದ್ಮೇಲೆ ಯೂನಿವರ್ಸಿಟಿಯ ಸೈನ್ಸ್ ಕ್ಯಾಂಪಸ್ ಸ್ಟೇಷನ್ ಪಕ್ಕ ಇಲ್ಲ, ಊರಿನ ದಕ್ಷಿಣದ ತುದಿಗೆ ಲಾಂಗಿರಾನೊ ರಸ್ತೆಯಲ್ಲಿದೆ, ಮತ್ತೆ ಬಸ್ ಹಿಡೀಬೇಕು. ಊರೇನೋ ಚೆಂದ, ಅಣಬೆಗೆ ಇಟಲಿಗೆಲ್ಲಾ ಫೇಮಸ್ಸು, ಓನರಮ್ಮ ಇವನಿಗೆ ಅಣಬೆ ರಿಸೊಟ್ಟೊ ಮಾಡಿ ಬಡಿಸ್ತಿದ್ರಂತೆ. ಚಳಿಗಾಲ ಮುಗಿಯೋದ್ರೊಳಗೆ ಸಿಟಿಗೆ ಶಿಫ್ಟ್ ಆದ, ಈಗ್ಲೂ ಆಯಮ್ಮನ ನೆನೆಸ್ಕೊಳ್ತಾನೆ ಪಾಪ.

ಇನ್ನು ಅಪ್ಪಂದಿರು. ಪ್ರಾವಿನ್ಸ್ ಅಂದ್ರೆ ಅವ್ರಿಗೆ ಒಂದು ರಾಜ್ಯ, ಅದಕ್ಕೊಬ್ರು ಸಿಎಂ ಥರ ಪ್ರೆಸಿಡೆಂಟು, ಅವ್ರಿಗೊಂದು ಲೆಟರ್ ಬರೆದ್ರೆ ಸ್ಕಾಲರ್‌ಶಿಪ್ ಆಗುತ್ತೆ ಅನ್ನೋ ಲೆಕ್ಕ. ಸರ್, 2014ರ ಕಾನೂನು ಬಂದ್ಮೇಲೆ ಆ ಪ್ರೆಸಿಡೆಂಟನ್ನ ಜನ ಆರಿಸೋದೇ ಇಲ್ಲ, ಕೊಮೂನೆಗಳ ಮೇಯರ್‌ಗಳೂ ಕೌನ್ಸಿಲರ್‌ಗಳೂ ತಮ್ಮೊಳಗೇ ಒಬ್ಬ ಮೇಯರನ್ನ ಆರಿಸ್ಕೊಳ್ತಾರೆ. 2016ರಲ್ಲಿ ಪ್ರಾವಿನ್ಸ್ ಅನ್ನೋ ಪದವನ್ನೇ ಸಂವಿಧಾನದಿಂದ ತೆಗೆಯೋಕೆ ಹೊರಟಿದ್ರು, ಜನಮತದಲ್ಲಿ ಬಿದ್ದೋಯ್ತು, ಹಂಗಾಗಿ ಉಳ್ಕೊಂಡಿದೆ. ಕೈಲಿರೋದು ಮುಖ್ಯವಾಗಿ ರಸ್ತೆ, ಸೇತುವೆ, ಹೈಸ್ಕೂಲ್ ಕಟ್ಟಡ ಇಂಥವು. ಅದಕ್ಕೂ ದುಡ್ಡಿಗೆ ಪರದಾಟ. ಕೊಲೊರ್ನೊ ಹತ್ರ ಪೋ ಮೇಲಿನ ಸೇತುವೆ ತೊಲೆಗಳು ಬಿರುಕು ಬಿಟ್ಟು 2017ರ ಸೆಪ್ಟೆಂಬರಲ್ಲಿ ಮುಚ್ಚಿದ್ದು ಮತ್ತೆ ತೆರೆದದ್ದು 2019ರ ಜೂನಲ್ಲಿ, ಅಲ್ಲೀತನಕ ಆಚೆ ದಡಕ್ಕೆ ಕೆಲಸಕ್ಕೆ ಹೋಗೋರೆಲ್ಲಾ ಸುತ್ತಿ ಬಳಸಿ ಓಡಾಡಿದ್ರು.

ಸ್ಕಾಲರ್‌ಶಿಪ್ ಎರ್ಗೋ ಅನ್ನೋ ಸಂಸ್ಥೆದು, ಅದು ಎಮಿಲಿಯಾ-ರೊಮಾನ್ಯ ರೀಜನ್ನಿಂದು, ನಮ್ ರಾಜ್ಯಕ್ಕೆ ಹತ್ರ ಬರೋದು ಅದೇ. ಆಸ್ಪತ್ರೆ, ಡಾಕ್ಟರೂ ರೀಜನ್ನೇ. ರೆಸಿಡೆನ್ಸ್ ಪರ್ಮಿಟ್ ಕೊಡೋದು ಕ್ವೆಸ್ತೂರಾ, ಅದು ಪ್ರಾವಿನ್ಸಿಗೊಂದು ಇರುತ್ತೆ ಆದ್ರೆ ಪ್ರಾವಿನ್ಸ್ ಆಡಳಿತದ್ದಲ್ಲ, ರೋಮ್ ಸರ್ಕಾರದ ಪೊಲೀಸ್ ಆಫೀಸು. ವಿಳಾಸ ರಿಜಿಸ್ಟ್ರಿ ಕೊಮೂನೆದು, ಅರ್ಜಿ ಹಾಕಿದ್ಮೇಲೆ ನೀವಲ್ಲಿ ನಿಜವಾಗ್ಲೂ ಇದೀರಾ ಅಂತ ನೋಡೋಕೆ ಲೋಕಲ್ ಪೊಲೀಸ್ ಬರಬಹುದು, ಕಾಲಿಂಗ್ ಬೆಲ್ ಮೇಲೆ ನಿಮ್ ಹೆಸರಿಲ್ಲ ಅಂದ್ರೆ ಹಂಗೇ ವಾಪಸ್ ಹೋಗ್ತಾರೆ. ಒಂದು ಚೀಟಿ ಅಂಟಿಸ್ಕೊಳಿ ಅಷ್ಟೇ, ದಮ್ಮಯ್ಯ.

ಓದೋಕಲ್ಲ ಕೆಲಸಕ್ಕೆ ಬರ್ತಿರೋರಿಗೆ ನಾನು ಇದರ ಉಲ್ಟಾ ಹೇಳ್ತೀನಿ. ಕೆಲಸ ಇರೋದು ಹೆಚ್ಚಾಗಿ ಸಿಟಿ ಹೊರಗೇ. ಪಾಸ್ತಾ ಮಾಡೋ ಬರಿಲ್ಲಾ ಕಂಪನಿ 1877ರಲ್ಲಿ ಪಾರ್ಮಾದಲ್ಲಿ ಶುರುವಾದ ಅಂಗಡಿ, ಈಗ ಊರಾಚೆ ದೊಡ್ಡ ಫ್ಯಾಕ್ಟರಿ. ಹ್ಯಾಮ್ ಒಣಗಿಸೋ ಮನೆಗಳು ಲಾಂಗಿರಾನೊ ಕಡೆ, ಬೆಟ್ಟದ ಗಾಳಿಗೋಸ್ಕರ. ಟೊಮ್ಯಾಟೊ ಡಬ್ಬಿ, ಫುಡ್ ಪ್ಯಾಕಿಂಗ್ ಮಷಿನ್ನು ಮಾಡೋ ಫ್ಯಾಕ್ಟರಿಗಳೂ ಇವೆ. 2003ರಲ್ಲಿ ದಿವಾಳಿಯಾಗಿ ಆಮೇಲೆ ಫ್ರೆಂಚರ ಪಾಲಾದ ಹಾಲಿನ ಕಂಪನಿ ಪಾರ್ಮಾಲಾಟ್ ಇರೋದು ಕೊಲ್ಲೆಕ್ಯೋದಲ್ಲಿ. ಯುರೋಪಿಗೆಲ್ಲಾ ಆಹಾರ ಸುರಕ್ಷತೆ ನೋಡೋ ಎಫ್ಸಾ ಮಾತ್ರ ಸಿಟಿಯಲ್ಲಿದೆ. ಪೋ ಬಯಲಿನ ದನದ ಹಟ್ಟಿಗಳಲ್ಲಿ ಪಂಜಾಬಿನವ್ರು ತುಂಬಾ, ಪಾರ್ಮೆಸಾನ್ ಚೀಸಿನ ಹಾಲು ಎಷ್ಟೋ ಕಡೆ ಕರೆಯೋದು ಅವ್ರೇ. ನಾಲ್ವತ್ತು ಕೆಜಿಯ ಒಂದು ಚಕ್ರಕ್ಕೆ ಐನೂರೈವತ್ತು ಲೀಟರ್ ಹತ್ರ ಹಾಲು, ಕಮ್ಮಿ ಅಂದ್ರೂ 12 ತಿಂಗಳು ಕೂರಿಸ್ಬೇಕು. ಸಸ್ಯಾಹಾರಿಗಳು ಕೇಳ್ತಾರೆ, ಅದಕ್ಕೆ ಇಲ್ಲೇ ಹೇಳ್ಬಿಡ್ತೀನಿ, ಹಾಲು ಒಡೆಯೋಕೆ ಹಾಕೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟು, ಆಮೇಲೆ ನಿಮ್ಮಿಷ್ಟ.

ಮತ್ತೆ ರೂಮ್ ವಿಷ್ಯಕ್ಕೆ. ಪಿಆರ್ ಅಲ್ಲ ಅಂತ ಹತ್ರದ ಊರನ್ನ ಬಿಡೋ ಮಹಾನುಭಾವರೂ ಇದಾರೆ. ಎನ್ಝಾ ನದಿ ಆಚೆಯ ಸಾಂತಿಲಾರಿಯೊ ಪಾರ್ಮಾದಿಂದ ಹತ್ತು ಹನ್ನೆರಡು ಕಿಲೋಮೀಟರ್, ಅದೇ ಮೇನ್ ಲೈನ್ ಮೇಲಿದೆ, ಆದ್ರೆ ಸೇರಿರೋದು ರೆಜ್ಜೊ ಎಮಿಲಿಯಾ ಪ್ರಾವಿನ್ಸಿಗೆ. ಅಲ್ಲಿದ್ರೆ ಪರ್ಮಿಟ್‌ಗೆ ರೆಜ್ಜೊ ಕ್ವೆಸ್ತೂರಾಗೆ ಹೋಗ್ಬೇಕು, ರೀಜನ್ ಒಂದೇ. ಪೋ ದಾಟಿ ಕಾಸಾಲ್‌ಮಜ್ಜೊರೆಗೆ ಹೋದ್ರೆ ರೀಜನ್ನೇ ಬೇರೆ, ಲೊಂಬಾರ್ದಿಯಾ, ಡಾಕ್ಟರ್ ರಿಜಿಸ್ಟ್ರೇಷನ್ ಅಲ್ಲಿಯ ಲೆಕ್ಕಕ್ಕೆ ಹೋಗುತ್ತೆ. ಸ್ಕಾಲರ್‌ಶಿಪ್ ಮೊತ್ತ ನೀವು ಎಲ್ಲಿ ಉಳ್ಕೊಳ್ತೀರಿ, ಬಾಡಿಗೆ ಕರಾರು ಎಂಥದ್ದು ಅನ್ನೋದ್ರ ಮೇಲೂ ಬದಲಾಗುತ್ತೆ, ನಿಯಮ ವರ್ಷ ವರ್ಷ ತಿದ್ದುತ್ತಾರೆ, ಹಂಗಾಗಿ ಆ ವರ್ಷದ ನೋಟಿಫಿಕೇಶನ್ ಓದ್ದೆ ನಾನು ಹೂಂ ಅನ್ನಲ್ಲ. ಓನರ್ ಹತ್ರ ಕರಾರಿನ ಡ್ರಾಫ್ಟ್ ತರಿಸ್ಕೊಂಡು ಯಾವ ಕೊಮೂನೆ ಅಂತ ನೋಡಿ, ಅಲ್ಲಿಂದ ಕ್ಯಾಂಪಸ್ಸಿಗೆ ಬೆಳಗ್ಗೆ ಎಂಟೂವರೆಗೆ ಮುಟ್ಟೋಕಾಗುತ್ತಾ ಅಂತ ಮ್ಯಾಪಲ್ಲಿ ಹಾಕಿ ನೋಡಿ, ಆಮೇಲೆ ನನಗೆ ಮೆಸೇಜ್ ಮಾಡಿ, ದುಡ್ಡು ಕಳಿಸೋ ಮಾತು ಆಮೇಲೆ.