ಕಂಪ್ಯೂಟರಿನೊಳಗಿನ ಗಾಳಿಯ ದಾರಿ

ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಎಂದರೆ ಕಿಟಕಿಗೆ ಹಚ್ಚಿ ಕೂರಿಸಿ, ಕೊಡಗಟ್ಟಲೆ ನೀರು ತುಂಬುವ ಪೆಟ್ಟಿಗೆ. ಹುಲ್ಲಿನ ಪರದೆಯ ಮೇಲೆ ಇಳಿಯುವ ನೀರು ಆವಿಯಾಗುತ್ತ ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ, ಹೊರಗೆ ಬಿಸಿಲು 41 ಡಿಗ್ರಿ ಇದ್ದರೂ ಒಳಗೆ ತಣ್ಣನೆಯ ಗಾಳಿ ಬರುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕಾಚಾರ ನಡೆಸುವ ಚಿಪ್ಪಾದ ಪ್ರೊಸೆಸರಿನ ಮೇಲೆ ಕೂರುವ ಸಾಧನಕ್ಕೂ ಏರ್ ಕೂಲರ್ ಎಂದೇ ಹೆಸರು. ಆದರೆ ಅದು ಗಾಳಿಯನ್ನು ತಂಪು ಮಾಡುವುದಿಲ್ಲ. ಪ್ರೊಸೆಸರಿನ ಶಾಖವನ್ನು ಗಾಳಿಗೆ ದಾಟಿಸುತ್ತದೆ, ಅಷ್ಟೇ. ಹೀಗಾಗಿ ಎಷ್ಟು ದುಬಾರಿಯದನ್ನು ತಂದರೂ ಅದು ಪ್ರೊಸೆಸರನ್ನು ಕೋಣೆಯ ತಾಪಮಾನಕ್ಕಿಂತ ಕೆಳಗೆ ಇಳಿಸಲಾರದು. ಕೋಣೆ 25 ಡಿಗ್ರಿ ಇದ್ದಾಗ 65 ಡಿಗ್ರಿಯಲ್ಲಿ ನಡೆಯುತ್ತಿದ್ದ ಪ್ರೊಸೆಸರು, ಅದೇ ಕೆಲಸವನ್ನು ಅದೇ ಫ್ಯಾನ್ ವೇಗದಲ್ಲಿ ಮಾಡುವಾಗ, ಕೋಣೆ 40 ಮುಟ್ಟಿದರೆ ಸುಮಾರು 80ಕ್ಕೆ ಏರುತ್ತದೆ. ಇಂದಿನ ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಹತ್ತಿರ ಬಂದೊಡನೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ನಮ್ಮ ಬೇಸಿಗೆಯಲ್ಲಿ ಉಳಿಯುವ ಅಂತರ ಇಷ್ಟು ಕಿರಿದಾಗಿರುವುದರಿಂದಲೇ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ಹೆಚ್ಚು ಗಮನವಿಟ್ಟು ನೋಡಬೇಕಾಗಿದೆ. (ನಮ್ಮ ಕಡೆ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುವ ರೂಢಿಯಿರುವುದರಿಂದ, ಗೊಂದಲವಾಗದಿರಲೆಂದು ಚಿಪ್ಪನ್ನು ಪ್ರೊಸೆಸರ್ ಎಂದೂ ಪೆಟ್ಟಿಗೆಯನ್ನು ಕ್ಯಾಬಿನೆಟ್ ಎಂದೂ ಬರೆಯುತ್ತಿದ್ದೇನೆ.)

ಶಾಖದ ಹಾದಿಯಲ್ಲಿ ಮೊದಲ ತೊಡಕು ಗಾಳಿಯೇ. ಶಾಖವನ್ನು ಸಾಗಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಹಿಂದೆ. ಪ್ರೊಸೆಸರ್ ಮತ್ತು ಕೂಲರಿನ ತಳ ಎಷ್ಟೇ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ತಗ್ಗುಗಳು ಉಳಿದಿರುತ್ತವೆ. ಅವುಗಳಲ್ಲಿ ಗಾಳಿ ನಿಲ್ಲದಂತೆ ತುಂಬಲೆಂದೇ, ಶಾಖ ದಾಟಿಸುವ ಥರ್ಮಲ್ ಪೇಸ್ಟನ್ನು ತೆಳುವಾಗಿ ಹಚ್ಚುವುದು.

ಕಡಿಮೆ ಬೆಲೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಕಾಣುವುದು, ಅಲ್ಯೂಮಿನಿಯಂ ರೆಕ್ಕೆಗಳ (ಶಾಖವನ್ನು ಗಾಳಿಗೆ ಬಿಡುವ ತೆಳು ತಗಡುಗಳ) ಮೇಲೆ ಅಡ್ಡಲಾಗಿ ಫ್ಯಾನ್ ಕೂರಿಸಿದ ಕೂಲರ್. ಇದರ ಗಾಳಿ, ಪ್ರೊಸೆಸರ್ ಕೂತಿರುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಕಡೆಗೆ ಬೀಸಿ, ಅದಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಸುತ್ತಲಿನ ಬಿಡಿಭಾಗಗಳಿಗೂ ಗಾಳಿ ತಾಗುವುದು ಇದರ ದೊಡ್ಡ ಅನುಕೂಲ. ಆದರೆ ಹರಡಿದ ಬಿಸಿಗಾಳಿ ಹೊರಹೋಗುವ ನಿಶ್ಚಿತ ದಾರಿಯಿಲ್ಲದೆ ಕ್ಯಾಬಿನೆಟ್ಟಿನಲ್ಲೇ ಸುತ್ತಾಡಿ, ಒಂದು ಪಾಲು ಮತ್ತೆ ಅದೇ ಫ್ಯಾನಿನೊಳಕ್ಕೆ ಬರುತ್ತದೆ. ಚಿಕ್ಕ ಕ್ಯಾಬಿನೆಟ್ಟುಗಳಿಗೆಂದು ಮಾಡಿದ ಗಿಡ್ಡ ಕೂಲರುಗಳ ಕಥೆಯೂ ಬಹುಮಟ್ಟಿಗೆ ಇದೇ.

ಇನ್ನೊಂದು ಬಗೆಯದು, ಗೋಪುರದಂತೆ ಎತ್ತರಕ್ಕೆ ನಿಲ್ಲುವ ಟವರ್ ಕೂಲರ್. ಅದರ ಜೀವ, ಶಾಖ ಸಾಗಿಸುವ ಕೊಳವೆಯಾದ ಹೀಟ್ ಪೈಪಿನಲ್ಲಿದೆ. ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯನ್ನು ತಿರುವುವಾಗ, ಅಂಚು ಬಿರಿದು ಚಿಮ್ಮುವ ಉಗಿ ಬೆರಳಿಗೆ ತಾಗಿದರೆ ಚುರ್ರೆನ್ನುವುದು ರೊಟ್ಟಿ ಬೇಯಿಸಿದವರಿಗೆಲ್ಲ ಗೊತ್ತು. ಒಂದು ಗ್ರಾಂ ನೀರನ್ನು 30ರಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 293 ಜೂಲ್ ಶಕ್ತಿ ಸಾಕು. ಕುದಿಯುವ ಆ ಒಂದು ಗ್ರಾಮನ್ನು ಆವಿಯಾಗಿಸಲು ಸುಮಾರು 2,257 ಜೂಲ್ ಬೇಕು. ಉಗಿ ಮರಳಿ ನೀರಾಗುವಾಗ ಅಷ್ಟನ್ನೂ ತಾನು ತಾಗಿದ ಜಾಗಕ್ಕೆ ಒಪ್ಪಿಸುತ್ತದೆ. ಹೀಟ್ ಪೈಪಿನಲ್ಲಿ ನಡೆಯುವುದೂ ಇದೇ. ಸುಮಾರು 6 ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆಯಿಂದ ಗಾಳಿಯನ್ನು ತೆಗೆದು, ತುಸುವೇ ನೀರು ಬಿಟ್ಟು, ಎರಡೂ ತುದಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ತೀರ ಕಡಿಮೆಯಿರುವುದರಿಂದ ನೀರು 100 ಡಿಗ್ರಿಯವರೆಗೆ ಕಾಯಬೇಕಿಲ್ಲ, ಪ್ರೊಸೆಸರಿನ ಸಾಧಾರಣ ಬಿಸಿಗೇ ಆವಿಯಾಗುತ್ತದೆ. ಆವಿ ರೆಕ್ಕೆಗಳಿರುವ ತುದಿಗೆ ಧಾವಿಸಿ, ಶಾಖ ಬಿಟ್ಟುಕೊಟ್ಟು ನೀರಾಗುತ್ತದೆ. ಆ ನೀರನ್ನು ಕೊಳವೆಯ ಒಳಗೋಡೆಗೆ ಅಂಟಿದ ತಾಮ್ರಪುಡಿಯ ಪದರ, ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ, ಮರಳಿ ತಳಕ್ಕೆ ತರುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಸವೆಯುವ ಭಾಗವಿಲ್ಲ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಭೌತವಿಜ್ಞಾನಿ ಜಾರ್ಜ್ ಗ್ರೋವರ್ ಬಾಹ್ಯಾಕಾಶದ ಬಳಕೆಗಾಗಿ ಇದನ್ನು ರೂಪಿಸಿದರು. ಇಷ್ಟು ಸರಳವಾದ, ಇಷ್ಟು ಸುಂದರವಾದ ಉಪಾಯ ಕಂಪ್ಯೂಟರಿನಲ್ಲಿ ಇನ್ನೊಂದಿಲ್ಲ ಎಂದು ನನಗನಿಸುತ್ತದೆ.

ಈ ಕೊಳವೆಗಳು ಶಾಖವನ್ನು ಮೇಲಕ್ಕೆ ಒಯ್ಯುವುದರಿಂದ ರೆಕ್ಕೆಗಳನ್ನು ಗೋಪುರದಂತೆ ಪೇರಿಸಬಹುದು. ಫ್ಯಾನನ್ನು ನೆಟ್ಟಗೆ ನಿಲ್ಲಿಸಿ, ಗಾಳಿಯನ್ನು ಮುಂದಿನಿಂದ ಹಿಂದಕ್ಕೆ ಒಂದೇ ನೇರದಲ್ಲಿ ಹಾಯಿಸಬಹುದು. ಹಿಂದೆಯೇ ಕ್ಯಾಬಿನೆಟ್ಟಿನ ಫ್ಯಾನ್ ಇದ್ದರೆ ಬಿಸಿಗಾಳಿ ನೇರ ಹೊರಗೆ ಹೋಗುತ್ತದೆ. ಎರಡು ಗೋಪುರಗಳ ಕೂಲರ್ ಇನ್ನೂ ಹೆಚ್ಚು ಶಾಖ ಹೊರುತ್ತದೆ, ಆದರೆ ಅನೇಕವು ಒಂದು ಕಿಲೋ ಮೀರಿ ತೂಗುತ್ತವೆ, ಸುಮಾರು 160 ಮಿಲಿಮೀಟರ್ ಎತ್ತರವಿರುತ್ತವೆ. ಮದರ್‌ಬೋರ್ಡ್ ಸಾಮಾನ್ಯವಾಗಿ ನೆಟ್ಟಗೆ ನಿಂತಿರುವುದರಿಂದ ಕೂಲರಿನ ಈ ಎತ್ತರ ಕ್ಯಾಬಿನೆಟ್ಟಿನ ಅಗಲದಲ್ಲಿ ಹಿಡಿಸಬೇಕು. ಕೊಳ್ಳುವ ಮೊದಲು ಆ ಅಗಲ ಅಳೆಯಲೇಬೇಕು.

ಯಾವ ಬಗೆಯದೇ ಆಗಲಿ, ಲೆಕ್ಕ ಒಂದೇ. 100 ವಾಟ್ ಶಾಖವನ್ನು ಸೆಕೆಂಡಿಗೆ 10 ಲೀಟರ್ ಗಾಳಿ ಹೊತ್ತೊಯ್ದರೆ ಆ ಗಾಳಿ ಸುಮಾರು 9 ಡಿಗ್ರಿ ಬಿಸಿಯಾಗುತ್ತದೆ. ಗಾಳಿ ಅರ್ಧಕ್ಕಿಳಿದರೆ ಏರಿಕೆ 18 ಡಿಗ್ರಿ.

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ, ಮಗ್ಗಗಳಿರುವ ಮನೆಯೊಂದರ ಕಂಪ್ಯೂಟರನ್ನು ಬಿಚ್ಚಿದಾಗ ಈ ಲೆಕ್ಕ ನನಗೆ ಕಣ್ಣಾರೆ ಕಂಡಿತು. ಸೀರೆಯ ಅಂಚಿನ ವಿನ್ಯಾಸ ಮಾಡುವ ಆ ಯಂತ್ರ ಮಧ್ಯಾಹ್ನವಾದರೆ ತಾನೇ ಆರಿಹೋಗುತ್ತಿತ್ತು. ಫ್ಯಾನ್ ಭರ್ರೆಂದು ತಿರುಗುತ್ತಲೇ ಇತ್ತು, ಹೀಗಾಗಿ ಮನೆಯವರಿಗೆ ಅದರ ಮೇಲೆ ಅನುಮಾನ ಬಂದಿರಲಿಲ್ಲ. ಫ್ಯಾನ್ ಕಳಚಿದರೆ, ಅದಕ್ಕೂ ರೆಕ್ಕೆಗಳಿಗೂ ನಡುವೆ ಹತ್ತಿಯ ನವಿರು ಎಳೆಗಳು ಧೂಳಿನೊಡನೆ ಕೂಡಿ ಕಂಬಳಿಯ ತುಂಡಿನಂತೆ ಒತ್ತಾಗಿ ಕೂತಿದ್ದವು. ಎರಡು ಬೆರಳಿನಲ್ಲಿ ಹಿಡಿದೆಳೆದಾಗ ಒಂದೇ ಹಾಳೆಯಾಗಿ ಕಿತ್ತು ಬಂತು. ಸದ್ದು ಮಾತ್ರವಿತ್ತು, ಗಾಳಿ ಹಾಯುತ್ತಿರಲಿಲ್ಲ.

ರೆಕ್ಕೆಗಳನ್ನು ಕುಂಚದಿಂದ ಸ್ವಚ್ಛಗೊಳಿಸಿ, ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಹಿಂದಿನ ಫ್ಯಾನ್ ತಿರುವುಮುರುವಾಗಿ ಕೂತು ಹೊರಗಿನ ಗಾಳಿಯನ್ನು ಒಳಕ್ಕೆಳೆಯುತ್ತಿದ್ದದ್ದೂ ಆಗಲೇ ಗೊತ್ತಾಯಿತು. ಸಾಮಾನ್ಯವಾಗಿ ಫ್ಯಾನಿನ ತೆರೆದ ಮುಖ ಗಾಳಿಯನ್ನು ಎಳೆದುಕೊಳ್ಳುತ್ತದೆ, ಮೋಟಾರನ್ನು ಹಿಡಿದ ಕಡ್ಡಿಗಳಿರುವ ಮುಖ ಗಾಳಿಯನ್ನು ಹೊರಬಿಡುತ್ತದೆ. ಅದನ್ನು ಸರಿಯಾಗಿ ತಿರುಗಿಸಿ ಕೂರಿಸಿ, ಗೋಡೆಗೆ ಒತ್ತಿಕೊಂಡಿದ್ದ ಕ್ಯಾಬಿನೆಟ್ಟನ್ನು ಗೇಣುದ್ದ ಮುಂದಕ್ಕೆ ಸರಿಸಿ, ಮಗ್ಗದ ಬಳಿ ಬಿದ್ದಿದ್ದ ಒಂದೆಳೆ ನೂಲನ್ನು ಹಿಂಬದಿಯ ಜಾಲರಿಯ ಮುಂದೆ ಹಿಡಿದೆವು. ನೂಲು ಎದ್ದು ಹೊರಮುಖವಾಗಿ ನೆಟ್ಟಗೆ ನಿಂತಿತು.