ಹಳೆ ಶಾಲೆಯ ಗೋಡೆಗೆ ಸಿಮೆಂಟ್ ಬೇಡ

ಹಳೆ ಶಾಲೆಯ ಗೋಡೆ ಚಕ್ಕೆ ಏಳುತ್ತಿದೆ ಅಂದರೆ ನಮಗೆ ಮೊದಲು ನೆನಪಾಗುವುದು ಸಿಮೆಂಟ್. ಕೊಡಗಿನ ಮಳೆಯಲ್ಲಿ ಈ ಮದ್ದೇ ರೋಗವನ್ನು ಜಾಸ್ತಿ ಮಾಡುತ್ತದೆ.

1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. ಆಮೇಲೆ ಇಲ್ಲಿ ಸರ್ಕಾರಿ ಶಾಲೆಗಳು ಬಂದವು. ಮಡಿಕೇರಿಯ ಸೆಂಟ್ರಲ್ ಶಾಲೆಗೆ ಜರ್ಮನ್ ಪಾದ್ರಿ ಜಿ. ರಿಕ್ಟರ್ ಪ್ರಾಂಶುಪಾಲರಾಗಿದ್ದರು. ಮುಂದೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಓದಿದ್ದೂ ಮಡಿಕೇರಿಯಲ್ಲೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಹುಲ್ಲಿನ ಮಾಡುಗಳ ಜಾಗಕ್ಕೆ ಮೆಲ್ಲಗೆ ಹೆಂಚು ಬಂತು.

ಒಂದು ಹೆಂಚನ್ನು ಕೈಗೆತ್ತಿಕೊಂಡು ನೋಡಿ. ಅಂಚಿನಲ್ಲಿ ಏಣು, ಪಕ್ಕದಲ್ಲಿ ಕಾಲುವೆ. ಒಂದರ ಏಣು ಇನ್ನೊಂದರ ಕಾಲುವೆಗೆ ಕೂರುತ್ತದೆ. ಸಂದಿಗೆ ನುಗ್ಗಿದ ನೀರು ಕಾಲುವೆಯಲ್ಲೇ ಇಳಿದು ಕೆಳಗಿನ ಹೆಂಚಿನ ಮೇಲೆ ಬೀಳುತ್ತದೆ. ಮಾಡು ಚೆನ್ನಾಗಿ ಇಳಿಜಾರಾಗಿರಲೇಬೇಕು. ಇಲ್ಲದಿದ್ದರೆ ಗಾಳಿ ನೀರನ್ನು ಹಿಂದಕ್ಕೆ, ಒಳಕ್ಕೆ ತಳ್ಳುತ್ತದೆ. ಓರೆಯಾಗಿ ಬಡಿಯುವ ಮಳೆಯನ್ನು ಉದ್ದ ಸೂರು ಮತ್ತು ವರಾಂಡ ತಡೆಯುತ್ತವೆ. ವರಾಂಡ ಮಕ್ಕಳಿಗೆ ಎಷ್ಟು ಬೇಕೋ ಗೋಡೆಗೂ ಅಷ್ಟೇ ಬೇಕು.

ಇಷ್ಟಾದರೂ ಗೋಡೆಗೆ ತೇವ ಏರುತ್ತದೆ. ಅಡಿಪಾಯದಿಂದಲೇ ಬರುತ್ತದಲ್ವಾ! ಇಲ್ಲಿ ಸುಣ್ಣದ ಕೆಲಸ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಗಾರೆ ಮಾಡಿ ಹಚ್ಚುತ್ತಾರೆ. ಗಾರೆ ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದರ ತುಂಬ ಸಣ್ಣ ಸಣ್ಣ ರಂಧ್ರಗಳು. ಗೋಡೆಯೊಳಗಿನ ತೇವ ಆವಿಯಾಗಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಕೂದಲೆಳೆಯಂಥ ಬಿರುಕುಗಳು ತಾವಾಗಿಯೇ ಮುಚ್ಚಿಕೊಳ್ಳುವುದೂ ಉಂಟು: ನೀರಲ್ಲಿ ಕರಗಿದ ಸುಣ್ಣ ಬಿರುಕಿನೊಳಗೆ ಮತ್ತೆ ಗಟ್ಟಿಯಾಗುತ್ತದೆ.

ಸಿಮೆಂಟ್ ಇದಕ್ಕೆಲ್ಲ ಬಾಗಿಲು ಹಾಕುತ್ತದೆ. ಒಳಗೆ ಸಿಕ್ಕಿಕೊಂಡ ನೀರಿನ ಜತೆ ಉಪ್ಪೂ ಇರುತ್ತದೆ. ನೀರು ಒಣಗಿದಾಗ ಉಪ್ಪು ಹರಳಾಗಿ ಉಬ್ಬಿ, ಒಳಗಿನ ಮೆತ್ತನೆ ಗಾರೆಯನ್ನೇ ಪುಡಿಮಾಡುತ್ತದೆ. ಹೊರಗೆ ಸಿಮೆಂಟ್ ಗಟ್ಟಿಯಾಗೇ ಕಾಣುತ್ತದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಎರಡು ಮಳೆಗಾಲ ಕಳೆದರೆ ದೊಡ್ಡ ಚಕ್ಕೆಯಾಗಿ ಕಳಚಿ ಬಿದ್ದರೂ ಆಶ್ಚರ್ಯವಿಲ್ಲ. ಗುತ್ತಿಗೆದಾರರಿಗೆ ಸಿಮೆಂಟ್ ಸುಲಭ, ಬೇಗ ಮುಗಿಯುತ್ತದೆ, ಸರಿ. ಆದರೆ ಬಿಲ್ಲು ಮತ್ತೆ ಮತ್ತೆ ಬರುತ್ತದೆ.

ದುರಸ್ತಿ ಮಾಡುವುದಾದರೆ ಹಿಂಗಾರು ಮುಗಿದ ಮೇಲೆ, ಡಿಸೆಂಬರ್‌ನಲ್ಲಿ ಶುರುಮಾಡುವುದು ಒಳ್ಳೆಯದು. ಸಿಮೆಂಟ್ ಕೆತ್ತಿ ತೆಗೆದು ಗೋಡೆಯನ್ನು ಸುಮ್ನೆ ಒಣಗಲು ಬಿಡಿ. ಆಮೇಲೆ ಸುಣ್ಣದ ಗಾರೆಯನ್ನು ತೆಳುವಾಗಿ, ಪದರದ ಮೇಲೆ ಪದರ ಹಚ್ಚಿ. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಡಿ. ಪೂರಾ ಒಣಗಿದ ಗಾರೆ ಅನಿಲವನ್ನು ಹೀರುವುದಿಲ್ಲ, ಗಟ್ಟಿಯಾಗುವುದೂ ಇಲ್ಲ.